ಓವರ್‌ಕ್ಲಾಕಿಂಗಿಗೆ ಅಗ್ಗದ ಪ್ರೊಸೆಸರಿನ ಆಯ್ಕೆ: ಒಂದು ವಿಚಾರ

ಕಂಪ್ಯೂಟರು ಸಿರಿವಂತರ ಮನೆಯ ಭೋಗವಸ್ತುವಾಗಿದ್ದ ಕಾಲ ಕಳೆಯಿತು. ಪ್ರಬಂಧ ಬರೆಯುವುದಕ್ಕೂ, ಅಂಕಿ-ಅಂಶಗಳನ್ನು ಕೂಡಿ ಕಳೆಯುವುದಕ್ಕೂ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವುದಕ್ಕೂ, ಬಿಡುವಿನಲ್ಲಿ ಆಟವಾಡುವುದಕ್ಕೂ ಇಂದು ಅದು ಬೇಕು. ಆದರೆ ನಮ್ಮಂಥ ಸರ್ಕಾರಿ ಕಾಲೇಜಿನಲ್ಲಿ ಓದುವವರಲ್ಲಿ ಬಹುಮಂದಿ ಅದನ್ನು ಕೊಳ್ಳುವುದು ವಿದ್ಯಾರ್ಥಿವೇತನದ ಹಣವನ್ನೋ, ರಜೆಯಲ್ಲಿ ದುಡಿದು ಉಳಿಸಿದ ಹಣವನ್ನೋ, ತಂದೆಯವರು ಫಸಲು ಮಾರಿ ತೆಗೆದಿಟ್ಟ ಹಣವನ್ನೋ ಕೂಡಿಹಾಕಿ. ಒಮ್ಮೆ ಕೊಂಡ ಯಂತ್ರ ಏಳೆಂಟು ವರ್ಷ ಬಾಳಬೇಕು. ಅಣ್ಣನ ತರುವಾಯ ತಂಗಿಗೂ ಒದಗಬೇಕು. ಇಂಥವರ ಕಿವಿಗೆ, “ಅಗ್ಗದ ಪ್ರೊಸೆಸರನ್ನು ಕೊಂಡು ಅದರ ವೇಗವನ್ನು ಏರಿಸಿಬಿಟ್ಟರೆ ದುಬಾರಿ ಪ್ರೊಸೆಸರಿನ ಕೆಲಸವನ್ನೇ ಮಾಡುತ್ತದೆ” ಎಂಬ ಮಾತು ಬಿದ್ದರೆ ಅದು ಎಷ್ಟು ಇಂಪಾಗಿ ಕೇಳಿಸುವುದೆಂದು ಬೇರೆ ಹೇಳಬೇಕಾದದ್ದಿಲ್ಲ. ಈ ಮಾತು ಸುಳ್ಳಲ್ಲ. ಆದರೆ ಎಲ್ಲ ಕಾಲಕ್ಕೂ ಎಲ್ಲ ಪ್ರೊಸೆಸರಿಗೂ ನಿಜವೂ ಅಲ್ಲ. ಯಾವಾಗ ನಿಜ, ಯಾವಾಗ ಅಲ್ಲ ಎಂಬುದನ್ನು ಗುರುತಿಸುವ ಒಂದು ಸೂತ್ರವಿದೆಯೆ ಎಂದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ವಿಚಾರ ಮಾಡಿ ನೋಡಿದುದರ ಫಲವೇ ಈ ಲೇಖನ. ನಾನು ಇಂಜಿನಿಯರನಲ್ಲ. ಹಾಸ್ಟೆಲಿನ ಮಿತ್ರರಿಗೆ ಒಂದೆರಡು ಯಂತ್ರಗಳನ್ನು ಜೋಡಿಸಿಕೊಟ್ಟಿರುವುದಷ್ಟೇ ನನ್ನ ಅನುಭವ.

ಮೊದಲು ವಿಷಯದ ಪರಿಚಯ. ಪ್ರೊಸೆಸರು ತನ್ನ ಕೆಲಸವನ್ನೆಲ್ಲ ಒಂದು ತಾಳಕ್ಕೆ ಸರಿಯಾಗಿ ಮಾಡುವುದು. ಈ ತಾಳವನ್ನೇ ಕ್ಲಾಕ್ ಎನ್ನುವರು. ಸೆಕೆಂಡಿಗೆ ೧೦೦ ಕೋಟಿ ಬಡಿತಗಳಾದರೆ ಅದು ೧ ಗಿಗಾಹರ್ಟ್ಸ್. ಮದರ್‌ಬೋರ್ಡು ಒಂದು ಮೂಲಗತಿಯನ್ನು ಕೊಡುತ್ತದೆ. ಇತ್ತೀಚಿನ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ೧೦೦ ಮೆಗಾಹರ್ಟ್ಸ್. ಪ್ರೊಸೆಸರು ಅದನ್ನು ತನ್ನ ಗುಣಕದಿಂದ ಗುಣಿಸಿಕೊಳ್ಳುತ್ತದೆ. ಗುಣಕವು ೩೬ ಆದರೆ ಗತಿಯು ೩.೬ ಗಿಗಾಹರ್ಟ್ಸ್ ಆಯಿತು. ಮೂಲಗತಿಯನ್ನಾಗಲಿ ಗುಣಕವನ್ನಾಗಲಿ ತಯಾರಕರು ಗೊತ್ತುಪಡಿಸಿದ ಮಿತಿಗಿಂತ ಮೇಲಕ್ಕೆ ಏರಿಸುವುದೇ ಓವರ್‌ಕ್ಲಾಕಿಂಗ್. ತಾಳವನ್ನು ಚುರುಕುಗೊಳಿಸಿದರೆ ಕುಣಿತವೂ ಚುರುಕಾಗುವುದು. ಕುಣಿಯುವವನ ಕಾಲಿನಲ್ಲಿ ಕಸುವಿರಬೇಕು, ಅಷ್ಟೆ.

ಮಿತಿಗಿಂತ ಮೇಲಕ್ಕೆ ಹೋಗಲು ಅವಕಾಶವಾದರೂ ಹೇಗೆ ಉಳಿದಿರುತ್ತದೆ? ಇದಕ್ಕೆ ಉತ್ತರ ಕಾರ್ಖಾನೆಯಲ್ಲಿದೆ. ಒಂದು ದೊಡ್ಡ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್ಪುಗಳು ಒಟ್ಟಿಗೆ ತಯಾರಾಗುತ್ತವೆ. ಒಂದೇ ಹೊಲದ ತೆನೆಗಳೆಲ್ಲ ಒಂದೇ ತೂಕ ಬಾರದಿರುವಂತೆ, ಈ ಚಿಪ್ಪುಗಳೂ ಒಂದೇ ಗುಣದವಾಗಿರುವುದಿಲ್ಲ. ತಯಾರಕರು ಪ್ರತಿಯೊಂದನ್ನೂ ಪರೀಕ್ಷಿಸಿ, ವಿಂಗಡಿಸಿ, ಬೇರೆ ಬೇರೆ ಹೆಸರಿನಲ್ಲಿ ಬೇರೆ ಬೇರೆ ಬೆಲೆಗೆ ಮಾರುತ್ತಾರೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಅಗ್ಗದ ಪ್ರೊಸೆಸರಿಗೆ ಬೇಡಿಕೆ ಹೆಚ್ಚಿದಾಗ, ಮೇಲಿನ ದರ್ಜೆಗೆ ಸಲ್ಲುವ ಚಿಪ್ಪುಗಳನ್ನೂ ಕೆಳಗಿನ ದರ್ಜೆಯ ಹೆಸರಿನಲ್ಲಿ ಮಾರುವುದುಂಟು. ಅಂಥ ಚಿಪ್ಪು ಕೈಗೆ ಬಂದರೆ ಕೊಂಡವನ ಅದೃಷ್ಟ.

ಆದರೆ ಅಗ್ಗವೆಂಬುದರಲ್ಲಿ ಎರಡು ಬಗೆ. ಈ ಲೇಖನದ ತಿರುಳೆಲ್ಲ ಈ ಭೇದದಲ್ಲಿಯೇ ಇದೆ. ಕೆಲವು ಪ್ರೊಸೆಸರುಗಳು ಅಗ್ಗವಾಗಿರುವುದು ಅವುಗಳ ಗತಿಯನ್ನು ತಗ್ಗಿಸಿರುವುದರಿಂದ. ಮತ್ತೆ ಕೆಲವು ಅಗ್ಗವಾಗಿರುವುದು ಅವುಗಳ ಅಂಗಗಳನ್ನೇ ಕಡಮೆ ಮಾಡಿರುವುದರಿಂದ. ಎಂದರೆ ಕೋರುಗಳನ್ನೋ, ಒಂದು ಕೋರಿನಲ್ಲಿ ಎರಡು ಕೆಲಸಗಳನ್ನು ಒಟ್ಟಿಗೆ ನಡೆಸುವ ಥ್ರೆಡ್ ಸೌಲಭ್ಯವನ್ನೋ, ಕ್ಯಾಶ್ ಎಂಬ ಹತ್ತಿರದ ನೆನಪಿನ ಭಂಡಾರವನ್ನೋ ಕತ್ತರಿಸಿರುವುದರಿಂದ. ಜೋಡೆತ್ತಿನ ಗಾಡಿಯನ್ನು ನಿಧಾನವಾಗಿ ಹೊಡೆಯುತ್ತಿದ್ದರೆ, ಬಾರುಕೋಲು ಬೀಸಿ ಓಡಿಸಬಹುದು. ಒಂಟೆತ್ತಿನ ಗಾಡಿಗೆ ಎಷ್ಟು ಬಾರುಕೋಲು ಬೀಸಿದರೂ ಅದು ಜೋಡೆತ್ತಿನ ಹೊರೆಯನ್ನು ಎಳೆಯಲಾರದು. ಓವರ್‌ಕ್ಲಾಕಿಂಗು ತಗ್ಗಿಸಿದ ಗತಿಯನ್ನು ಹಿಂದಿರುಗಿಸಬಲ್ಲುದು; ಕಳೆದ ಅಂಗವನ್ನು ಹಿಂದಿರುಗಿಸಲಾರದು. ಈ ಮಾತಿಗೆ ಇತಿಹಾಸದಿಂದಲೇ ಸಾಕ್ಷಿ ತರುತ್ತೇನೆ.

೧೯೯೮ರ ಆಗಸ್ಟಿನಲ್ಲಿ ಇಂಟೆಲ್ ಸಂಸ್ಥೆಯವರು ಸೆಲೆರಾನ್ ೩೦೦ಎ ಎಂಬ ಪ್ರೊಸೆಸರನ್ನು ಹೊರತಂದರು. ಅದರ ಬೆಲೆ ೧೪೯ ಡಾಲರು. ಅದೇ ವೇಳೆಗೆ ಬಂದ ಪೆಂಟಿಯಮ್ ೨ರ ೪೫೦ ಮೆಗಾಹರ್ಟ್ಸ್ ಮಾದರಿಯ ಬೆಲೆ ೬೬೯ ಡಾಲರು. ಸೆಲೆರಾನಿನ ಗುಣಕವು ೪.೫ಕ್ಕೆ ಬಿಗಿಯಾಗಿತ್ತು, ಮೂಲಗತಿಯು ೬೬ ಮೆಗಾಹರ್ಟ್ಸ್ ಆದುದರಿಂದ ಒಟ್ಟು ಗತಿ ೩೦೦. ಆದರೆ ಆ ಕಾಲದ ೪೪೦ಬಿಎಕ್ಸ್ ಚಿಪ್‌ಸೆಟ್ಟಿನ ಮದರ್‌ಬೋರ್ಡುಗಳು ೧೦೦ ಮೆಗಾಹರ್ಟ್ಸ್ ಮೂಲಗತಿಯನ್ನು ಸಹಜವಾಗಿಯೇ ಕೊಡಬಲ್ಲವಾಗಿದ್ದವು. ೧೦೦ನ್ನು ೪.೫ರಿಂದ ಗುಣಿಸಿದರೆ ೪೫೦! ಬೋರ್ಡಿಗೆ ಯಾವ ಹೆಚ್ಚಿನ ಹೊರೆಯೂ ಇಲ್ಲದೆ, ಅನೇಕ ಸೆಲೆರಾನುಗಳು ಪೆಂಟಿಯಮ್ಮಿನ ಗತಿಯನ್ನು ಮುಟ್ಟಿದವು. ಇಲ್ಲಿಯೂ ಕ್ಯಾಶ್ ಕಡಮೆಯೇ: ಪೆಂಟಿಯಮ್ಮಿಗೆ ೫೧೨ ಕಿಲೋಬೈಟ್, ಸೆಲೆರಾನಿಗೆ ೧೨೮. ಆದರೆ ಪೆಂಟಿಯಮ್ಮಿನ ಕ್ಯಾಶ್ ಚಿಪ್ಪಿನ ಹೊರಗೆ ನಿಂತು ಅರ್ಧ ಗತಿಯಲ್ಲಿ ನಡೆಯುತ್ತಿತ್ತು. ಸೆಲೆರಾನಿನದು ಚಿಪ್ಪಿನೊಳಗೇ ಇದ್ದು ಪೂರ್ಣ ಗತಿಯಲ್ಲಿ ನಡೆಯುತ್ತಿತ್ತು. ಆದುದರಿಂದ ಅಂಗದ ಕೊರತೆ ಬಹುಪಾಲು ತುಂಬಿಹೋಯಿತು. ಉಳಿದದ್ದು ಗತಿಯ ಕೊರತೆ, ಅದನ್ನು ಓವರ್‌ಕ್ಲಾಕಿಂಗು ತುಂಬಿತು. ಕಾಲು ಭಾಗದಷ್ಟೂ ಇಲ್ಲದ ಬೆಲೆಗೆ ಸರಿಸುಮಾರು ಪೂರ್ತಿ ಫಲ. ಅಗ್ಗದ ಪ್ರೊಸೆಸರಿನ ಕೀರ್ತಿ ಲೋಕದಲ್ಲಿ ಹಬ್ಬಿದುದು ಇಂಥ ಉದಾಹರಣೆಗಳಿಂದಲೇ.

ಇದಾದ ೧೬ ವರ್ಷಗಳ ಮೇಲೆ, ೨೦೧೪ರಲ್ಲಿ, ಪೆಂಟಿಯಮ್ ಹೆಸರಿನ ಇಪ್ಪತ್ತು ವರ್ಷಗಳ ನೆನಪಿಗಾಗಿ ಅದೇ ಸಂಸ್ಥೆಯು ಪೆಂಟಿಯಮ್ ಜಿ೩೨೫೮ ಎಂಬುದನ್ನು ೭೨ ಡಾಲರಿಗೆ ಮಾರಿತು. ಗತಿ ೩.೨ ಗಿಗಾಹರ್ಟ್ಸ್, ಗುಣಕಕ್ಕೆ ಬೀಗವಿಲ್ಲ. ಕೊಂಡವರು ಅದನ್ನು ೪.೨, ೪.೫ ಗಿಗಾಹರ್ಟ್ಸಿನವರೆಗೆ ಓಡಿಸಿ ಹಿಗ್ಗಿದರು. ಹಳೆಯ ಆಟಗಳಲ್ಲಿ ಅದು ತನಗಿಂತ ಎರಡು ಮೂರು ಪಾಲು ಬೆಲೆಯ ಪ್ರೊಸೆಸರುಗಳೊಡನೆ ಹೆಗಲೆಣೆಯಾಗಿ ನಿಂತದ್ದೂ ನಿಜ. ಆದರೆ ಅದಕ್ಕಿದ್ದದ್ದು ಎರಡು ಕೋರು, ಎರಡೇ ಥ್ರೆಡ್. ಅದೇ ವರ್ಷದ ನವೆಂಬರಿನಲ್ಲಿ ಬಂದ ‘ಫಾರ್ ಕ್ರೈ ೪’ ಎಂಬ ಆಟವು ಎರಡೇ ಥ್ರೆಡ್ಡಿನ ಪ್ರೊಸೆಸರುಗಳಲ್ಲಿ ಮೊದಲಿಗೆ ತೆರೆದುಕೊಳ್ಳಲೇ ಇಲ್ಲ. ೪.೫ ಗಿಗಾಹರ್ಟ್ಸ್ ಇದ್ದೇನು ಫಲ? ನಾಲ್ಕು ಆಳಿನ ಕೆಲಸಕ್ಕೆ ಇಬ್ಬರು ಗಟ್ಟಿಗರು ಬಂದಂತಾಯಿತು. ಹೀಗೆ ಐದಾರು ತಿಂಗಳೊಳಗಾಗಿಯೇ ಅಂಗದ ಕೊರತೆ ಬಯಲಿಗೆ ಬಿತ್ತು.

೨೦೧೭ರ ಜನವರಿಯಲ್ಲಿ ಇದೇ ಪಾಠ ಇನ್ನೊಮ್ಮೆ ನಡೆಯಿತು. ಕೋರ್ ಐ೩-೭೩೫೦ಕೆ ಎಂಬುದು ಎರಡು ಕೋರು, ನಾಲ್ಕು ಥ್ರೆಡ್, ೪.೨ ಗಿಗಾಹರ್ಟ್ಸ್, ಬೀಗವಿಲ್ಲದ ಗುಣಕ. ಬೆಲೆ ಸುಮಾರು ೧೭೦ ಡಾಲರು. ಅದರ ಪಕ್ಕದಲ್ಲಿಯೇ ನಿಜವಾದ ನಾಲ್ಕು ಕೋರುಗಳುಳ್ಳ ಕೋರ್ ಐ೫-೭೪೦೦ ಸುಮಾರು ೧೮೦ ಡಾಲರಿಗೆ ಸಿಕ್ಕುತ್ತಿತ್ತು. ಮೊದಲನೆಯದರ ಗತಿಯನ್ನು ಏರಿಸಲು ದುಬಾರಿಯಾದ ಜ಼ೆಡ್ ವರ್ಗದ ಬೋರ್ಡು ಬೇಕು, ಕೂಲರನ್ನೂ ಬೇರೆಯಾಗಿ ಕೊಳ್ಳಬೇಕು. ಎರಡನೆಯದಕ್ಕೆ ಅಗ್ಗದ ಬೋರ್ಡು ಸಾಕು. “ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು” ಎಂಬಂತಾಯಿತು ಓವರ್‌ಕ್ಲಾಕಿಂಗಿನ ಲೆಕ್ಕ.

ಇದಕ್ಕೆ ವಿರುದ್ಧವಾದ ಉದಾಹರಣೆ ಅದೇ ವರ್ಷದ ಏಪ್ರಿಲಿನಲ್ಲಿ ದೊರೆಯಿತು. ಎಎಂಡಿ ಸಂಸ್ಥೆಯ ರೈಜ಼ನ್ ೫ ೧೬೦೦ಕ್ಕೆ ಆರು ಕೋರು, ಹನ್ನೆರಡು ಥ್ರೆಡ್. ಬೆಲೆ ೨೧೯ ಡಾಲರು, ಕೂಲರೂ ಸೇರಿ. ಅದರ ಅಣ್ಣನಾದ ೧೬೦೦ಎಕ್ಸ್‌ಗೆ ೨೪೯ ಡಾಲರು, ಕೂಲರಿಲ್ಲ. ಇವೆರಡಕ್ಕೂ ಕೋರಿನಲ್ಲಿ ಭೇದವಿಲ್ಲ, ಕ್ಯಾಶಿನಲ್ಲಿ ಭೇದವಿಲ್ಲ. ಭೇದವೆಲ್ಲ ಗತಿಯಲ್ಲಿ: ಒಂದರ ಮೂಲಗತಿ ೩.೨, ಇನ್ನೊಂದರದು ೩.೬ ಗಿಗಾಹರ್ಟ್ಸ್. ರೈಜ಼ನ್ನುಗಳ ಗುಣಕಕ್ಕೆ ಬೀಗವಿರಲಿಲ್ಲ. ಮಧ್ಯಮ ಬೆಲೆಯ ಬಿ೩೫೦ ಬೋರ್ಡಿನಲ್ಲಿಯೇ ಗತಿಯನ್ನು ಏರಿಸಬಹುದಾಗಿತ್ತು. ೧೬೦೦ನ್ನು ೩.೮ರ ಆಸುಪಾಸಿಗೆ ಒಯ್ಯುವುದು ಸಾಮಾನ್ಯರಿಗೂ ಸಾಧ್ಯವಾಯಿತು. ಕಳೆದಿದ್ದದ್ದು ಗತಿ ಮಾತ್ರವಾದುದರಿಂದ ಅದು ಮರಳಿ ಬಂದಿತು. ಸೆಲೆರಾನಿನ ಜಯಕ್ಕೂ ಈ ಜಯಕ್ಕೂ ಕಾರಣ ಒಂದೇ ಎಂಬುದನ್ನು ವಾಚಕರು ಗಮನಿಸಬೇಕು.

ಪ್ರೊಸೆಸರನ್ನು ಆರಿಸುವಾಗ ಎರಡನೆಯ ಪ್ರಶ್ನೆ, ಬೀಗದ್ದು. ಇಂಟೆಲ್ಲಿನವರು ೨೦೧೧ರ ಜನವರಿಯಲ್ಲಿ ತಂದ ಪೀಳಿಗೆಯಿಂದೀಚೆಗೆ ಮೂಲಗತಿಯನ್ನು ಏರಿಸುವ ಹಳೆಯ ದಾರಿ ಬಹುಮಟ್ಟಿಗೆ ಮುಚ್ಚಿಹೋಯಿತು. ಸಾಮಾನ್ಯವಾಗಿ ಹೆಸರಿನ ಕೊನೆಯಲ್ಲಿ ‘ಕೆ’ ಅಕ್ಷರವುಳ್ಳ ಪ್ರೊಸೆಸರಿಗೆ ಮಾತ್ರ ಗುಣಕದ ಬೀಗವಿಲ್ಲ. ಅದರ ಜೊತೆಗೆ ಜ಼ೆಡ್ ವರ್ಗದ ಬೋರ್ಡೂ ಬೇಕು. ಎಎಂಡಿಯಲ್ಲಿ ನಾವು ಕೊಳ್ಳುವ ಸಾಮಾನ್ಯ ಡೆಸ್ಕ್‌ಟಾಪ್ ರೈಜ಼ನ್ನುಗಳಲ್ಲಿ ಬಹುಪಾಲಿಗೆ ಬೀಗವಿಲ್ಲ. ಆದರೆ ಬೋರ್ಡಿನ ವರ್ಗವನ್ನು ನೋಡಬೇಕು. ಎ೩೨೦, ಎ೬೨೦ ಎಂಬ ತೀರ ಅಗ್ಗದ ವರ್ಗಗಳಲ್ಲಿ ಪ್ರೊಸೆಸರಿನ ಗತಿಯನ್ನು ಏರಿಸಲು ಬಿಡುವುದಿಲ್ಲ. ಬಿ೪೫೦, ಬಿ೫೫೦, ಬಿ೬೫೦ ವರ್ಗಗಳಲ್ಲಿ ಬಿಡುತ್ತಾರೆ. ಪ್ರೊಸೆಸರಿನಲ್ಲಿ ಚಿತ್ರಭಾಗ ಉಂಟೋ ಇಲ್ಲವೋ ಎಂಬುದನ್ನೂ ಕೇಳಿ ತಿಳಿಯತಕ್ಕದ್ದು. ಇಂಟೆಲ್ಲಿನ ‘ಎಫ್’ ಅಕ್ಷರದ ಮಾದರಿಗಳಿಗೂ ಎಎಂಡಿಯ ೧೬೦೦, ೫೬೦೦ ಮುಂತಾದವಕ್ಕೂ ಚಿತ್ರಭಾಗವಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡು ಹಾಕದಿದ್ದರೆ ತೆರೆಯ ಮೇಲೆ ಏನೂ ಮೂಡದು.

ಮೂರನೆಯದು ಒಟ್ಟು ಖರ್ಚಿನ ಪ್ರಶ್ನೆ. ಅರ್ಥಶಾಸ್ತ್ರದಲ್ಲಿ ನಮ್ಮ ಅಧ್ಯಾಪಕರು ಹೇಳಿಕೊಟ್ಟಿರುವ ಪಾಠ ಇಲ್ಲಿ ಉಪಯೋಗಕ್ಕೆ ಬರುವುದು. ಅಗ್ಗದ ಪ್ರೊಸೆಸರಿನ ಬೆಲೆ ೧೦೦ ಎಂದು ಭಾವಿಸೋಣ. ಅದರ ಗತಿಯನ್ನು ಏರಿಸುವ ಸಲುವಾಗಿ ಬೋರ್ಡಿಗೆ ೪೦ ಹೆಚ್ಚು, ಕೂಲರಿಗೆ ೨೫, ಎಸ್.ಎಂ.ಪಿ.ಎಸ್.ಗೆ ೧೫ ಹೆಚ್ಚು ಕೊಟ್ಟೆವೆನ್ನಿ. ಒಟ್ಟು ೧೮೦ ಆಯಿತು. ಮೇಲಿನ ದರ್ಜೆಯ ಪ್ರೊಸೆಸರು ತನ್ನ ಕೂಲರಿನೊಡನೆ ೧೫೦ಕ್ಕೆ ಸಿಕ್ಕುವಂತಿದ್ದು ಸಾಧಾರಣ ಬೋರ್ಡಿನಲ್ಲಿ ಅದು ನಡೆಯುವಂತಿದ್ದರೆ, ನಾವು ಉಳಿಸಿದ್ದೇನು? ೩೦ ಹೆಚ್ಚಾಗಿ ಕೊಟ್ಟು ಗ್ಯಾರಂಟಿಯನ್ನೂ ಅಪಾಯಕ್ಕೊಡ್ಡಿದಂತಾಯಿತು. ಈ ಅಂಕಿಗಳು ಉದಾಹರಣೆಗಾಗಿ ಹೇಳಿದವು. ಪೇಟೆಯ ಧಾರಣೆ ದಿನದಿನಕ್ಕೆ ಬದಲಾಗುವುದು. ಆದರೆ ಲೆಕ್ಕದ ಕ್ರಮ ಬದಲಾಗದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ತಿರುಗುವವರು ಪ್ರೊಸೆಸರಿನ ಬೆಲೆಯೊಂದನ್ನೇ ವಿಚಾರಿಸದೆ, ಈ ನಾಲ್ಕನ್ನೂ ಒಂದೇ ಚೀಟಿಯಲ್ಲಿ ಬರೆಸಿಕೊಂಡು ಕೂಡಿ ನೋಡುವುದು ಲೇಸು.

ಇನ್ನು ಶಾಖದ ವಿಚಾರ. ಗತಿಯನ್ನು ಏರಿಸಿದಾಗ ಪ್ರೊಸೆಸರು ಅಸ್ಥಿರವಾದರೆ ವೋಲ್ಟೇಜನ್ನೂ ಏರಿಸುವುದು ವಾಡಿಕೆ. ಆದರೆ ಕೆಲಸ ಮಾಡುವಾಗ ಪ್ರೊಸೆಸರು ನುಂಗುವ ವಿದ್ಯುತ್ತು ಗತಿಗೆ ಅನುಗುಣವಾಗಿಯೂ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಬೆಳೆಯುವುದು. ಗತಿಯನ್ನು ೩.೨ರಿಂದ ೩.೮ಕ್ಕೂ, ವೋಲ್ಟೇಜನ್ನು ೧.೨೦ರಿಂದ ೧.೩೫ಕ್ಕೂ ಏರಿಸಿದೆವೆಂದು ಇಟ್ಟುಕೊಳ್ಳೋಣ. ಗತಿಯು ೧.೧೯ ಪಾಲಾಯಿತು, ವೋಲ್ಟೇಜು ೧.೧೨೫ ಪಾಲು, ಅದರ ವರ್ಗ ಸುಮಾರು ೧.೨೭. ಎರಡನ್ನೂ ಗುಣಿಸಿದರೆ ೧.೫. ಎಂದರೆ ೬೫ ವಾಟ್ ನುಂಗುತ್ತಿದ್ದುದು ಸುಮಾರು ೯೮ ವಾಟ್ ನುಂಗುವುದು. ಶೇಕಡ ೧೯ರ ಗತಿಗೆ ಶೇಕಡ ೫೦ರ ಶಾಖ! ಇಳಿಮುಖ ಪ್ರತಿಫಲ ನಿಯಮಕ್ಕೆ ಹೊಲ-ಗೊಬ್ಬರಗಳ ಉದಾಹರಣೆಯನ್ನೇ ಕೇಳಿ ಬೇಸತ್ತವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಈ ಶಾಖ ಹೊರಗೆ ಹೋಗಬೇಕಾದದ್ದು ಕೋಣೆಯ ಗಾಳಿಗೆ. ಪುಸ್ತಕದಲ್ಲಿ ಕೊಟ್ಟಿರುವ ಅಂಕಿಗಳು ಬಹುಶಃ ತಂಪು ಮಾಡಿದ ಕೋಣೆಯವು. ನಮ್ಮ ಬಯಲುಸೀಮೆಯ ಏಪ್ರಿಲ್ ತಿಂಗಳು ಆ ಪುಸ್ತಕವನ್ನು ಓದಿಲ್ಲ. ಹಾಸ್ಟೆಲಿನ ಮಿತ್ರರೊಬ್ಬರ ಆರು ಕೋರಿನ ಪ್ರೊಸೆಸರನ್ನು ಜನವರಿಯಲ್ಲಿ ೩.೮ ಗಿಗಾಹರ್ಟ್ಸಿಗೆ ನಿಲ್ಲಿಸಿ, ಮೂರು ಗಂಟೆಗಳ ಕಾಲ ಪರೀಕ್ಷಿಸಿ, ಸ್ಥಿರವೆಂದು ಬರೆದಿಟ್ಟುಕೊಂಡೆ. ಬೇಸಗೆಯಲ್ಲಿ ಮತ್ತೊಮ್ಮೆ ನೋಡೋಣವೆಂದು ಏಪ್ರಿಲಿನ ಮಧ್ಯಾಹ್ನ ಅದೇ ಪರೀಕ್ಷೆ ಮಾಡಿದಾಗ ಇಪ್ಪತ್ತು ನಿಮಿಷದೊಳಗೆ ತಪ್ಪು ಲೆಕ್ಕ ಬಂದಿತು. ೩.೭ಕ್ಕೆ ಇಳಿಸಿ, ವೋಲ್ಟೇಜನ್ನೂ ಸ್ವಲ್ಪ ತಗ್ಗಿಸಿದ ಮೇಲೆ ಸರಿಹೋಯಿತು. ಬೇಸಗೆಯ ಮಧ್ಯಾಹ್ನ ನಿಲ್ಲುವ ಗತಿಯೇ ನಮ್ಮ ಗತಿಯೆಂದು ತಿಳಿಯಬೇಕು.

ತಪ್ಪು ಲೆಕ್ಕವೆಂದೆನಷ್ಟೆ, ಇದೇ ಈ ವಿಷಯದಲ್ಲಿ ನಿಜವಾಗಿ ಹೆದರತಕ್ಕ ಸಂಗತಿ. ಗತಿ ಮೀರಿದ ಪ್ರೊಸೆಸರು ನಿಂತುಹೋದರೆ ಕೇಡಿಲ್ಲ. ಮತ್ತೆ ಚಾಲೂ ಮಾಡಬಹುದು. ನಿಲ್ಲದೆ, ಸದ್ದಿಲ್ಲದೆ, ಎಲ್ಲೋ ಒಂದು ಕಡೆ ತಪ್ಪು ಬರೆದರೆ ಕಡತವೇ ಕೆಡುವುದು. ವರ್ಷವೆಲ್ಲ ಕೂಡಿಸಿದ ಪ್ರಬಂಧದ ಕಡತ ಪರೀಕ್ಷೆಯ ಹಿಂದಿನ ವಾರ ತೆರೆಯದೆ ಹೋದರೆ, ಉಳಿಸಿದ ನಾಲ್ಕು ಸೆಕೆಂಡುಗಳಿಂದ ಏನು ಸಮಾಧಾನ? ಆದುದರಿಂದ ಪ್ರೈಮ್ ೯೫ರಂಥ ಪರೀಕ್ಷಾ ಸಾಧನವನ್ನು ಕೆಲವು ಗಂಟೆಗಳಾದರೂ ನಡೆಸದೆ ಗತಿಯನ್ನು ನಂಬಕೂಡದು. ಬಹು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲೆಂದು ಹುಟ್ಟಿದ ಸಾಧನವದು. ಅದಕ್ಕೆ ಮೊದಲೇ ತಿಳಿದ ಉತ್ತರಗಳೊಡನೆ ಪ್ರೊಸೆಸರಿನ ಉತ್ತರವನ್ನು ಹೋಲಿಸುವುದರಿಂದ ತಪ್ಪು ಕೂಡಲೆ ಸಿಕ್ಕಿಬೀಳುವುದು. ವೋಲ್ಟೇಜಿನ ವಿಷಯದಲ್ಲಿ ಎಚ್ಚರ ಬೇಕೆಂಬುದಕ್ಕೆ ೨೦೨೪ರ ಘಟನೆಯೇ ಸಾಕ್ಷಿ. ಆ ವರ್ಷ ಇಂಟೆಲ್ ಸಂಸ್ಥೆಯವರು ತಮ್ಮ ೧೩ ಮತ್ತು ೧೪ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಮಿತಿಮೀರಿದ ವೋಲ್ಟೇಜಿನಿಂದ ಅಸ್ಥಿರವಾಗುತ್ತಿವೆ ಎಂದು ತಾವೇ ಪ್ರಕಟಿಸಿ, ತಿದ್ದುಪಡಿಯನ್ನು ಹೊರಡಿಸಿ, ಗ್ಯಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ತಯಾರಕರ ಕೈಯಲ್ಲಿಯೇ ಹೀಗಾಗುವುದಾದರೆ ನಮ್ಮ ಕೈಯಲ್ಲಿ ಎಷ್ಟು ಜಾಗರೂಕತೆ ಬೇಕು!

ಗತಿ ಏರಿದರೆ ಕೆಲಸವೂ ಅಷ್ಟೇ ಏರುವುದೆಂಬ ಭ್ರಮೆಯೂ ಬೇಡ. ಜೀನ್ ಆಮ್ಡಾಲ್ ಎಂಬವರು ೧೯೬೭ರಲ್ಲಿ ಮುಂದಿಟ್ಟ ವಾದದಿಂದ ಬೆಳೆದ ನಿಯಮವೊಂದು ಇಲ್ಲಿ ಅನ್ವಯಿಸುವುದು: ಕೆಲಸದ ಒಂದು ಭಾಗವನ್ನು ಮಾತ್ರ ಚುರುಕುಗೊಳಿಸಿದರೆ, ಉಳಿದ ಭಾಗವು ಒಟ್ಟು ಲಾಭಕ್ಕೆ ಕಟ್ಟೆ ಕಟ್ಟುವುದು. ಒಂದು ನಿಮಿಷದ ಕೆಲಸದಲ್ಲಿ ಪ್ರೊಸೆಸರಿನದು ೩೦ ಸೆಕೆಂಡು, ಉಳಿದದ್ದು ಡಿಸ್ಕಿನ ಮತ್ತು ಗ್ರಾಫಿಕ್ಸ್ ಕಾರ್ಡಿನ ಪಾಲು ಎಂದಿಟ್ಟುಕೊಳ್ಳೋಣ. ಪ್ರೊಸೆಸರನ್ನು ಶೇಕಡ ೨೦ರಷ್ಟು ಚುರುಕುಗೊಳಿಸಿದರೆ ಅದರ ೩೦ ಸೆಕೆಂಡು ೨೫ ಆಗುವುದು. ೬೦ ಸೆಕೆಂಡಿನ ಕೆಲಸ ೫೫ಕ್ಕೆ ಮುಗಿಯಿತು, ಅಷ್ಟೆ. ಹಳೆಯ ತಿರುಗುವ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿದವರಿಗೆ ಆದ ಅನುಕೂಲವನ್ನು ಯಾವ ಓವರ್‌ಕ್ಲಾಕಿಂಗೂ ಕೊಟ್ಟದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಇಂದಿನ ಸ್ಥಿತಿ ಏನು? ಸೆಲೆರಾನಿನ ಕಾಲದಲ್ಲಿ ಬಿಟ್ಟಿದ್ದ ಅವಕಾಶವನ್ನು ಈಗ ತಯಾರಕರೇ ಮುಂದಾಗಿ ಬಳಸಿಕೊಂಡಿದ್ದಾರೆ. ಶಾಖ ಮತ್ತು ವಿದ್ಯುತ್ತಿನ ಅಳತೆ ನೋಡಿಕೊಂಡು ಪ್ರೊಸೆಸರು ತಾನೇ ಗತಿಯನ್ನು ಏರಿಸಿಕೊಳ್ಳುವ ಏರ್ಪಾಡು ೨೦೦೮ರಲ್ಲಿ ಇಂಟೆಲ್ಲಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಬಂದಿತು. ಈಗ ಎರಡು ಸಂಸ್ಥೆಗಳಲ್ಲಿಯೂ ಅದು ಸಾಮಾನ್ಯ. ೨೦೨೨ರ ಏಪ್ರಿಲಿನಲ್ಲಿ ೧೯೯ ಡಾಲರಿಗೆ ಬಂದ ರೈಜ಼ನ್ ೫ ೫೬೦೦ರ ಏರುಗತಿ ೪.೪ ಗಿಗಾಹರ್ಟ್ಸ್, ೨೦೨೦ರಲ್ಲಿ ೨೯೯ ಡಾಲರಿಗೆ ಬಂದಿದ್ದ ೫೬೦೦ಎಕ್ಸ್‌ನದು ೪.೬. ಕೋರುಗಳೂ ಕ್ಯಾಶೂ ಒಂದೇ. ನಮ್ಮ ಸೂತ್ರದಂತೆ ಇದು ಒಳ್ಳೆಯ ಅಗ್ಗ: ಕಳೆದದ್ದು ಗತಿ ಮಾತ್ರ. ಆದರೆ ಆ ಕಳೆದದ್ದೂ ಶೇಕಡ ೫ಕ್ಕಿಂತ ಕಡಮೆ! ಬಯಾಸಿನಲ್ಲಿ ಒಂದೆರಡು ಅಂಕಗಳನ್ನು ಬದಲಿಸಿ ಅದನ್ನು ಗಳಿಸಬಹುದು, ಗಳಿಸದಿದ್ದರೂ ನಷ್ಟವೇನಿಲ್ಲ.

ಸೆಕೆಂಡ್ ಹ್ಯಾಂಡ್ ಮಾಲು ಕೊಳ್ಳುವವರು ಇನ್ನೆರಡು ಮಾತು ತಿಳಿದಿರಲಿ. ಎಎಂಡಿಯ ಎಎಂ೪ ಪ್ರೊಸೆಸರುಗಳಿಗೆ ಸೂಜಿಗಳು ಕೆಳಭಾಗದಲ್ಲಿರುವುದರಿಂದ ಒಂದಾದರೂ ಬಾಗಿದೆಯೆ ಎಂದು ಬೆಳಕಿಗೆ ಹಿಡಿದು ನೋಡಬೇಕು. ಇಂಟೆಲ್ಲಿನ ಈಚಿನ ಮಾದರಿಗಳಿಗೂ ಎಎಂ೫ಕ್ಕೂ ಸೂಜಿಗಳಿರುವುದು ಬೋರ್ಡಿನ ಸಾಕೆಟ್ಟಿನಲ್ಲಿ. ಮತ್ತೊಂದು: ರೈಜ಼ನ್ ೫ ೧೬೦೦ ಎಷ್ಟು ಅಗ್ಗವಾಗಿ ಸಿಕ್ಕಿದರೂ ಅದು ವಿಂಡೋಸ್ ೧೧ರ ಅಧಿಕೃತ ಪಟ್ಟಿಯಲ್ಲಿಲ್ಲ, ವಿಂಡೋಸ್ ೧೦ರ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರಿನಲ್ಲಿ ಮುಗಿಯಿತು. ಅಂದಿನ ವೀರನೆಂದು ಇಂದು ಕಣ್ಣು ಮುಚ್ಚಿ ಕೊಳ್ಳುವ ಹಾಗಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಅಂಗಡಿಯವನನ್ನು “ಇದು ಎಷ್ಟು ಗಿಗಾಹರ್ಟ್ಸಿಗೆ ಹೋಗುತ್ತದೆ?” ಎಂದು ಕೇಳುವ ಮೊದಲು, “ಇದು ಏಕೆ ಅಗ್ಗ? ಮೇಲಿನ ದರ್ಜೆಯದರಿಂದ ಇದರಲ್ಲಿ ಏನನ್ನು ತೆಗೆದಿದ್ದಾರೆ?” ಎಂದು ಕೇಳಬೇಕು. ಕೋರು, ಥ್ರೆಡ್ಡು, ಕ್ಯಾಶುಗಳನ್ನು ತೆಗೆದಿದ್ದರೆ, ಏರಿಸಿದ ಗತಿಯ ಆಸೆಗೆ ಅದನ್ನು ಕೊಳ್ಳದೆ, ಓವರ್‌ಕ್ಲಾಕಿಂಗಿಗೆ ಮೀಸಲಿಟ್ಟ ಹಣವನ್ನೂ ಸೇರಿಸಿ ಹೆಚ್ಚು ಕೋರಿನದನ್ನು ಕೊಳ್ಳುವುದೇ ಜಾಣತನ. ಗತಿಯನ್ನು ಮಾತ್ರ ತಗ್ಗಿಸಿದ್ದರೆ, ಬೋರ್ಡಿಗೆ ಬೀಗವಿಲ್ಲದಿದ್ದರೆ, ಜೊತೆಯಲ್ಲಿ ಬಂದ ಕೂಲರೇ ನಮ್ಮ ಬೇಸಗೆಯನ್ನು ತಡೆಯುವಂತಿದ್ದರೆ, ಧಾರಾಳವಾಗಿ ಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಪರೀಕ್ಷಿಸಿ, ಒಂದು ಮೆಟ್ಟಿಲು ಕೆಳಗಿಳಿದು ನಿಲ್ಲಿರಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಮಡಿಸಿಟ್ಟಿರುವ ಹಾಸಿಗೆಯನ್ನು ಬಿಚ್ಚಿ ಹಾಸಿಕೊಳ್ಳುವುದಕ್ಕೆ ಅವರ ಅಡ್ಡಿಯಿರಲಾರದು. ಇಲ್ಲದ ಹಾಸಿಗೆಯನ್ನು ಎಳೆದು ಉದ್ದ ಮಾಡುವುದು ಮಾತ್ರ ಯಾರಿಂದಲೂ ಆಗದು.